ನಂಜೇಶ್ ಡಾಕ್ಟರ ಕೊನೆಯ ಡ್ರೆಸ್ಸಿಂಗ್

ಬಿಳಿಗೆರೆಯ ನಂಜೇಶ್ ಡಾಕ್ಟರಾದದ್ದು ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಅದಕ್ಕೆ ಮುಂಚೆ ಅವನು ತಿ. ನರಸೀಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಅಟೆಂಡರ್ ಆಗಿದ್ದ, ಆಮೇಲೂ ಅಟೆಂಡರೇ. ಬಸವ ಜಯಂತಿಗೆ ಶುಭ ಕೋರುವವರ ಸಾಲಿನಲ್ಲಿ ಮಗನ ಫೋಟೊ ಹಾಕಿಸಲು ಹೋದ ಅಪ್ಪ ಶಿವಮಲ್ಲಪ್ಪನವರನ್ನು ಅಂಗಡಿಯವನು, "ಮಗ ಏನ್ಮಾಡ್ತಾನೆ ಯಜಮಾನ್ರೇ?" ಎಂದು ಕೇಳಿದ. "ಆಸ್ಪತ್ರೇಲವ್ನೆ" ಎಂದರು ಇವರು, ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು. ಆ ಗತ್ತಿಗೆ ತಕ್ಕಂತೆ ಅಂಗಡಿಯವನು ಹೆಸರಿನ ಹಿಂದೆ 'ಡಾ.' ಸೇರಿಸಿದ. ಜನ ವರ್ಷಗಟ್ಟಲೆ ನಿದ್ದೆಗೆಟ್ಟು ಪಡೆಯುವುದನ್ನು ಅವನು ಕಂಪ್ಯೂಟರಿನ ಗುಂಡಿ ಒತ್ತಿ ಕೊಟ್ಟುಬಿಟ್ಟ.

ನಂಜೇಶ್ ಮೊದಲು ಫ್ಲೆಕ್ಸ್ ಕಂಡು ಬೆವರಿದ. ಆಮೇಲೆ ಆ ಕಡೆ ಕಣ್ಣು ಹಾಯಿಸದೆ ಓಡಾಡಿದ. ವಾರ ಕಳೆಯುವುದರೊಳಗೆ ಅದರ ನೆರಳಿನಲ್ಲೇ ನಿಂತು ಬಸ್ಸು ಕಾಯುತ್ತಿದ್ದ. ಊರಿನವರ ಬಿಪಿ ನೋಡಿದ, ಗಾಯ ಕಟ್ಟಿದ. ಯಾರ ದುಡ್ಡನ್ನೂ ಮುಟ್ಟಲಿಲ್ಲ. ಮರ್ಯಾದೆಯನ್ನು ಮಾತ್ರ ಬೇಡವೆನ್ನಲಿಲ್ಲ. ತಾನಾಗಿ ಸುಳ್ಳು ಹೇಳಿಲ್ಲವೆಂಬುದು ಅವನ ಸಮಾಧಾನ. ಜನ "ಡಾಕ್ಟ್ರೇ" ಎನ್ನುತ್ತಿದ್ದರು, ಅವನು "ಹ್ಞೂಂ" ಎನ್ನುತ್ತಿದ್ದ, ಅಷ್ಟೆ.

ಹೀಗೇ ವರ್ಷಗಳು ಉರುಳಿದವು. ಈ ವರ್ಷ ನರ್ಸಿಂಗ್ ಹೋಮಿನ ನಿಜವಾದ ಡಾಕ್ಟರು ಶಿವಮೂರ್ತಿ ಅವನನ್ನು ಕರೆದರು. "ನಂಜೇಶಾ, ನಿನ್ನ ಕೈ ಚೆನ್ನಾಗಿದೆ. ಆದ್ರೆ ಸರ್ಟಿಫಿಕೇಟ್ ಇಲ್ದೆ ಇನ್ನು ವಾರ್ಡಲ್ಲಿ ಇಟ್ಕೊಳ್ಳೋಕಾಗಲ್ಲ ಕಣಯ್ಯ. ನಂಜನಗೂಡಲ್ಲಿ ನರ್ಸಿಂಗ್ ಡಿಪ್ಲೊಮಾ ಸೇರ್ಕೊ. ಸಂಜೆ ಪಾಳಿ ಕೊಡ್ತೀನಿ, ಪಾಸಾದ್ರೆ ಸ್ಟಾಫ್ ನರ್ಸ್ ಮಾಡ್ಕೋತೀನಿ. ನಿನ್ನ ವಯಸ್ಸಿಗೆ ಇದೇ ಕೊನೇ ವರ್ಷ, ಆಮೇಲೆ ಸೇರಿಸ್ಕೊಳ್ಳಲ್ಲ."

ಆಸೆಯೇನೋ ಆಯಿತು. ಆದರೆ ಡಾಕ್ಟರು ನರ್ಸಿಂಗ್ ಓದಲು ಹೋಗುವುದು ಹೇಗೆ? ಹೆಡ್‌ಮಾಸ್ಟರು ಸ್ಲೇಟು ಹಿಡಿದು ಒಂದನೇ ಕ್ಲಾಸಿಗೆ ಹೋದ ಹಾಗಾಗುತ್ತದೆ. ಸಾಲದ್ದಕ್ಕೆ ಅದೇ ಕಾಲೇಜಿನ ಎರಡನೇ ವರ್ಷದಲ್ಲಿ ಕೆಳಗಿನ ಬೀದಿಯ ದೊಡ್ಡಮಾದಯ್ಯನ ಮೊಮ್ಮಗಳು ಧನುಶ್ರೀ ಓದುತ್ತಿದ್ದಳು. ಆ ಬೀದಿಯ ಹುಡುಗಿಗೆ ತಾನು ಜೂನಿಯರ್ ಆಗುವುದೇ ಎಂದು ಅವನ ಮನಸ್ಸು ಕೇಳಿತು. ಕೇಳಿದ್ದು ಅವನಿಗೂ ಕೇಳಿಸಿತು; ಕೇಳಿಸದವನಂತೆ ಇದ್ದುಬಿಟ್ಟ. ಇತ್ತ, "ಮುಂದಕ್ಕೆ ಓದೋಣ ಅಂತಿದೀನಿ" ಎಂದು ಅಪ್ಪನ ಮುಂದೆ ಬಾಯಿ ಬಿಟ್ಟದ್ದೇ ತಡ, ಶಿವಮಲ್ಲಪ್ಪನವರು ಮಠದ ಜಗಲಿಯಲ್ಲಿ "ಎಂ.ಡಿ. ಮಾಡ್ತಾನಂತೆ" ಎಂದು ಸಾರಿಬಂದರು.

ಅದೇ ದಿನಗಳಲ್ಲಿ ಅವನು ಧನುಶ್ರೀಯ ಅಜ್ಜಿ ಮುದ್ದಮ್ಮನ ಕಾಲಿನ ಸಕ್ಕರೆ ಕಾಯಿಲೆಯ ಗಾಯಕ್ಕೆ ಡ್ರೆಸ್ಸಿಂಗ್ ಮಾಡುತ್ತಿದ್ದ. ಒಂದು ಸಂಜೆ ಗಾಯದ ಕಟ್ಟು ಬಿಚ್ಚಿದಾಗ ಕಿರುಬೆರಳು ಕಪ್ಪಾಗಿತ್ತು.

"ಅಜ್ಜೀ, ನಂಜನಗೂಡು ದೊಡ್ಡಾಸ್ಪತ್ರೆಗೆ ಹೋಗ್ಬೇಕು."

"ನೀವಿದ್ದೀರಲ್ಲ ಸಾ, ಅಲ್ಲಿಗ್ಯಾಕೆ?"

ಒಳಗಿನಿಂದ ಧನುಶ್ರೀ ಬಂದಳು. "ನಾನು ಎರಡು ವಾರದಿಂದ ಬಡ್ಕೋತಿದೀನಿ ಸರ್. 'ನೀನಿನ್ನೂ ಓದೋಳು, ಅವ್ರು ಡಾಕ್ಟ್ರು, ಅವ್ರು ಯೋಳ್ಲಿ' ಅಂತಾರೆ ಅಜ್ಜಿ." ಹಾಗೆನ್ನುವಾಗ ಅವಳು ನೆಲ ನೋಡಲಿಲ್ಲ, ಅವನ ಮುಖವನ್ನೇ ನೋಡಿದಳು.

ನಂಜೇಶ್ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟ. "ಅಜ್ಜೀ, ನಾನು ಡಾಕ್ಟ್ರಲ್ಲ."

ಮುದ್ದಮ್ಮ ಕಾಲು ಎಳೆದುಕೊಂಡಳು. "ಸರಿ ಬುಡಿ. ಗಾಯ ವಾಸ್ನೆ ಬತ್ತದೆ ಅಲ್ವಾ? ಇಲ್ಲಾ, ನಮ್ ಬೀದಿಗೆ ಓಗ್ಬ್ಯಾಡ ಅಂತ ನಿಮ್ಮನೇಲಿ ಬೈದ್ರಾ? ಅಂಗಂತ ಯೋಳಿ ಸಾ, ನಮಗೇನು ಒಸದಾ? ಡಾಕ್ಟ್ರೇ ಅಲ್ಲ ಅನ್ನಾ ಸುಳ್ಳು ಯಾಕೆ?"

ಇಷ್ಟು ವರ್ಷಕ್ಕೆ ಒಂದು ನಿಜ ಹೇಳಿದ್ದ, ಅದು ಸುಳ್ಳೆನಿಸಿಕೊಂಡಿತು. ಹಾಗಲ್ಲ ಅಜ್ಜಿ ಎನ್ನಲು ಹೊರಟವನಿಗೆ, ಕಾಲೇಜಿನ ವಿಷಯದಲ್ಲಿ ತನ್ನ ಮನಸ್ಸು ಕೇಳಿದ್ದ ಪ್ರಶ್ನೆ ನಾಲಿಗೆಗೆ ಅಡ್ಡ ಬಂತು. "ನಾನೂ ಬರ್ತೀನಿ, ನಡೀರಿ" ಎಂದಷ್ಟೇ ಹೇಳಿ ಆಟೊ ಕರೆತಂದ.

ದೊಡ್ಡಾಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಗಾಯ ನೋಡಿ, "ಇಷ್ಟು ದಿನ ಇದನ್ನ ಕಟ್ಕೊಂಡು ಕೂತಿದ್ದು ಯಾರು?" ಎಂದರು.

"ನಮ್ಮೂರ ಡಾಕ್ಟ್ರು ಕಣವ್ವ" ಎಂದು ಮುದ್ದಮ್ಮ ಅವನತ್ತ ಕೈ ತೋರಿಸಿದಳು. ಅಷ್ಟೆಲ್ಲ ಬೇಸರವಿದ್ದರೂ ಹೊರಗಿನವರ ಮುಂದೆ ಊರಿನವನನ್ನು ಬಿಟ್ಟುಕೊಡಲಿಲ್ಲ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಎಲ್ಲಿ ಓದಿದ್ದು ನೀವು?"

"ಅಟೆಂಡರ್ ಮೇಡಂ. ವಾರ್ಡು ಒರೆಸ್ತೀನಿ, ಸಿಸ್ಟರ್‌ಗಳ ಜೊತೆ ಡ್ರೆಸ್ಸಿಂಗ್‌ಗೆ ನಿಲ್ತೀನಿ. ಓದಿಲ್ಲ."

ಬೈಗುಳಕ್ಕೆ ಅವನು ತಲೆ ತಗ್ಗಿಸಿ ಸಿದ್ಧನಾಗಿದ್ದ. ಅವರು ಬೈಯಲಿಲ್ಲ. "ಬೆರಳು ತೆಗೀಬೇಕು. ಎರಡು ವಾರ ಮುಂಚೆ ಬಂದಿದ್ರೆ ಉಳೀತಿತ್ತೇನೋ" ಎಂದು ಧನುಶ್ರೀಗೆ ಹೇಳಿ ಮುಂದಿನ ರೋಗಿಯನ್ನು ಕರೆದರು.

ಮುದ್ದಮ್ಮ ಅವನಿಗೆ ಬೆನ್ನು ಮಾಡಿ ಕೂತಳು. ಮೊಮ್ಮಗಳ ಕೈ ಹಿಡಿದು, "ನೀ ಯೋಳಿದ್ದ ಕೇಳ್ಬೇಕಿತ್ತು ಕಣವ್ವ" ಎಂದಳು. ಅವನು ಪಕ್ಕದಲ್ಲೇ ನಿಂತಿದ್ದ. ಎಲ್ಲಿ ನೋಡಬೇಕೋ ತಿಳಿಯದೆ ಗೋಡೆಯ ಮೇಲಿನ ಲಸಿಕೆ ಪೋಸ್ಟರನ್ನು ಪೂರ್ತಿ ಓದಿದ.

ಬೆರಳು ತೆಗೆದ ಮರುದಿನ ನಂಜೇಶ್ ನರ್ಸಿಂಗ್ ಕಾಲೇಜಿಗೆ ಹೋಗಿ ಸೇರಿಕೊಂಡ. ಮನೆಗೆ ಬಂದು ಹೇಳಿದಾಗ ಶಿವಮಲ್ಲಪ್ಪನವರು ಗೋಡೆಗೆ ಒರಗಿದರು.

"ನರ್ಸಾ? ಎಂ.ಡಿ. ಅಂದ್ಬುಟ್ಟಿದೀನಲ್ಲೋ ಎಲ್ರಿಗೂವೆ! ನಾನೆಂಗ್ಲಾ ಮಖ ತೋರ್ಸ್ಲಿ?"

"ನೀವು ತೋರಿಸ್ಬೇಡಿ ಅಪ್ಪಾಜಿ. ನಾನೇ ಹೋಗಿ ಹೇಳ್ತೀನಿ."

ಬಸ್‌ಸ್ಟಾಂಡಿನ ರಾಜುವಿನ ಟೀ ಅಂಗಡಿಯಲ್ಲಿ ಆಗ ಜನ ತುಂಬಿತ್ತು. "ಡಾಕ್ಟ್ರಿಗೆ ಜಾಗ ಬುಡ್ರಪ್ಪಾ" ಎಂದು ರಾಜು ಕೂಗಿದ. ನಂಜೇಶ್ ಕೂರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ, ಮುದ್ದಮ್ಮನ ಬೆರಳನ್ನೂ ಸೇರಿಸಿ, ಹೇಳಿದ. ಯಾರೋ ಒಬ್ಬ ನಕ್ಕ. ಜೊತೆಗೆ ಯಾರೂ ನಗದಿದ್ದರಿಂದ ನಿಲ್ಲಿಸಿದ.

ವರ್ಷಗಳಿಂದ ಅವನ ಕೈಗೇ ತೋಳು ಕೊಡುತ್ತಿದ್ದ ಕರಿಯಪ್ಪ ಟೀ ಲೋಟ ಕೆಳಗಿಟ್ಟ. "ಅಂಗಾರೆ ನಂಜೇಶಾ, ನನ್ ಬಿಪಿ? ಅದು ಐತೋ, ಇಲ್ವೋ?"

ನಂಜೇಶ್ ಅವನ ಹತ್ತಿರ ಹೋದ. "ಐತೆ ಕರಿಯಪ್ಪಣ್ಣ" ಎಂದ. "ಆದ್ರೆ ನಾಳೆ ಡಾಕ್ಟ್ರಿಗೆ ತೋರ್ಸು."