‘ನೋಡ್ಕಂಡು ಬಿಡಪ್ಪಾ’ ಅಂದರು, ಎಳ್ಳುನೀರು ಬಿಟ್ಟರು

ಮುಖ ಗುರುತು ಸಿಗದ ಬೆಳಗಿನ ಜಾವ. ಕಲ್ಲುಬಾವಿಹಳ್ಳಿಯ ಶಾಲೆಯ ಹಿಂದೆ, ಚಪ್ಪಡಿ ಸರಿಸಿದ ಗುಂಡಿಯೊಳಗೆ ಗಿರಿಯಪ್ಪ ಸೊಂಟದವರೆಗೆ ಇಳಿದು ನಿಂತಿದ್ದಾರೆ. ಕೈಯಲ್ಲಿ ಉದ್ದನೆಯ ಕಬ್ಬಿಣದ ಕೀಲಿ. ಅದನ್ನು ವಾಲ್ವಿನ ತಲೆಗೆ ಕೂರಿಸಿ, ಮೊಣಕಾಲನ್ನು ಗುಂಡಿಯ ಗೋಡೆಗೆ ಒತ್ತಿ, ಹಲ್ಲು ಕಚ್ಚಿ ತಿರುಗಿಸುತ್ತಾರೆ. ಮೊದಲು ಕಬ್ಬಿಣ ಕಿರ್ರೆನ್ನುತ್ತದೆ. ಆಮೇಲೆ ಪೈಪಿನೊಳಗೆ ಮುದುಕರು ಕೆಮ್ಮಿದ ಹಾಗೆ ಗಾಳಿ ಗೊರಗೊರ ಅನ್ನುತ್ತದೆ. ಅಜ್ಜಂಪುರ ಸ್ಟೇಷನ್ ಬಿಟ್ಟ ರೈಲಿನ ಸದ್ದು ದೂರದಲ್ಲಿ ಹಾದುಹೋಗುವ ತನಕ ಸುಮ್ಮನಿದ್ದು, ಕೀಲಿಯ ತುದಿಗೆ ಕಿವಿ ಇಡುತ್ತಾರೆ.

“ಬಂತು,” ಅನ್ನುತ್ತಾರೆ. ಸುತ್ತಮುತ್ತ ಕೇಳಿಸಿಕೊಳ್ಳಲು ಊರಿನವರು ಯಾರೂ ಇಲ್ಲ.

ಗಿರಿಯಪ್ಪ ಈ ಊರಿನ ನೀರುಗಂಟಿ. ಬೋರಿನ ಮೋಟ್ರು ಹಾಕುವುದು, ಟ್ಯಾಂಕು ತುಂಬಿಸುವುದು, ಬೀದಿ ಬೀದಿಯ ವಾಲ್ವು ತಿರುಗಿಸಿ ನೀರು ಬಿಡುವುದು ಅವರ ಕೆಲಸ. ಇವತ್ತು ಕಳೆದರೆ ಇನ್ನು ಒಂದೇ ಬೆಳಗ್ಗೆ. ನಾಳಿದ್ದು ಆ ಕೀಲಿಯನ್ನು ಪಂಚಾಯ್ತಿ ಆಫೀಸಿನ ಮೇಜಿನ ಮೇಲಿಟ್ಟು ಹೊರಡಬೇಕೆಂದು ನೋಟೀಸು ಬಂದಿದೆ. ಕಾಲೋನಿಗೆ ಸರಿಯಾಗಿ ನೀರು ಬಿಡಲಿಲ್ಲ ಎಂಬುದು ಅದರಲ್ಲಿ ಕೊಟ್ಟಿರುವ ಕಾರಣ. ಕಾಲೋನಿ ಅಂದರೆ ಗಿರಿಯಪ್ಪ ಹುಟ್ಟಿ ಬೆಳೆದ ಕೇರಿ. ಅವರ ಹೆಂಡತಿ ತಿಪ್ಪಮ್ಮ ಈ ಹೊತ್ತಿನಲ್ಲಿ ಅಲ್ಲಿಯ ನಲ್ಲಿಯ ಮುಂದೆಯೇ ಕೊಡ ಇಟ್ಟುಕೊಂಡು ನಿಂತಿದ್ದಾರೆ. ತನ್ನ ಮನೆಗೇ ನೀರು ಬಿಡದ ನೀರುಗಂಟಿ ಎಂದು ಸರ್ಕಾರಿ ಕಾಗದದಲ್ಲಿ ಬರೆಸಿಕೊಂಡ ಮನುಷ್ಯ ಇವರು. ಬರೆದವರು ಯಾರು, ಬರೆಯುವ ಮುಂಚೆ ಏನೇನು ಮಾಡಿದರು ಅನ್ನುವುದನ್ನು ಊರು ಈಗಾಗಲೇ ಮರೆಯಲು ಶುರು ಮಾಡಿದೆ.

ಹಳೆಯ ನೀರುಗಂಟಿ ತೀರಿಕೊಂಡಾಗ ಗಿರಿಯಪ್ಪನವರಿಗೆ ಮೂವತ್ತೈದು ತುಂಬಿರಲಿಲ್ಲ. ‘ಸದ್ಯಕ್ಕೆ ನೀನು ನೋಡ್ಕಂಡಿರು’ ಅಂದಿದ್ದರು ಆಗಿನ ಅಧ್ಯಕ್ಷರು. ತಲೆಗೂದಲು ಬೆಳ್ಳಗಾದರೂ ಆ ‘ಸದ್ಯಕ್ಕೆ’ ಮುಗಿದಿಲ್ಲ. ಕೆಲಸ ಕಾಯಂ ಆಗಬೇಕಾದರೆ ಪಂಚಾಯ್ತಿ ಸಭೆ ಒಂದು ಠರಾವು ಮಾಡಿ ಮೇಲಕ್ಕೆ ಕಳಿಸಬೇಕು. ಪ್ರತಿ ಅಧ್ಯಕ್ಷರೂ ‘ಮುಂದಿನ ಸಭೇಲಿ ಇಡಾಣ’ ಅಂದರು. ಅಷ್ಟರಲ್ಲಿ ಬೋರಿನಿಂದ ಮೋಟ್ರು ಮೇಲೆತ್ತುವಾಗ ಚೈನು ಜಾರಿ ಅವರ ಬಲಗೈಯ ಉಂಗುರದ ಬೆರಳು ಮಡಚದಂತಾಯಿತು. ಸುಟ್ಟ ಮೋಟ್ರನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತರೀಕೆರೆಗೆ ಒಯ್ದು, ವೈಂಡಿಂಗ್ ಮಾಡಿಸಿ, ಕೊನೆಯ ಬಸ್ಸಿಗೆ ಹೊತ್ತು ತಂದಿದ್ದಕ್ಕೆ ಲೆಕ್ಕವಿಲ್ಲ. ಹಬ್ಬಕ್ಕೆ ಹೋದರೂ ನೆಂಟರ ಮನೆಯಲ್ಲಿ ರಾತ್ರಿ ಉಳಿಯುವ ಹಾಗಿಲ್ಲ.

“ನೀರು ಬಂದ್ರೆ ನನ್ನ ಯಾರೂ ನೆನೆಯಲ್ಲ ಬಿಡ್ರಿ,” ಎಂದು ನಗುತ್ತಾರೆ. “ನಿಂತೋದ್ರೆ ಮಾತ್ರ ನಮ್ಮಪ್ಪ, ನಮ್ಮವ್ವ, ನಮ್ಮಜ್ಜಿ ಎಲ್ಲಾರ್ನೂ ನೆನೀತಾರೆ.”

ಟ್ಯಾಂಕಿನಿಂದ ಹೊರಟ ಪೈಪು ಮೊದಲು ಪೇಟೆ ಬೀದಿಗೆ ಹೋಗುತ್ತದೆ, ಅಲ್ಲಿಂದ ಮಠದ ಬೀದಿಗೆ, ಕಟ್ಟಕಡೆಗೆ ಕಾಲೋನಿಗೆ. ಪೇಟೆ ಬೀದಿಯಲ್ಲಿ ಮುಕ್ಕಾಲು ಮನೆಯವರು ನಲ್ಲಿಗೇ ಮೋಟ್ರು ಕಟ್ಟಿ ಎಳೆದು ತಾರಸಿಯ ಸಿಂಟೆಕ್ಸ್ ತುಂಬಿಸಿಕೊಳ್ಳುತ್ತಾರೆ. ಮಿಕ್ಕಿದ್ದು ಮುಂದಕ್ಕೆ. ಕಾಲೋನಿಯಲ್ಲಿ ಮನೆಮನೆಗೂ ಹೊಸ ನಲ್ಲಿ ಹಾಕಿ ಫೋಟೋ ತೆಗೆಸಿಕೊಂಡು ಹೋದ ಮೇಲೂ ಆ ನಲ್ಲಿಗಳಲ್ಲಿ ಗಾಳಿಯೇ ಜಾಸ್ತಿ.

ಇಂಥ ಊರಿಗೆ ಚುನಾವಣೆ ಬಂತು. ಹದಿಮೂರು ಸೀಟು. ಅಜ್ಜಂಪುರದಲ್ಲಿ ಈರುಳ್ಳಿ ಮಂಡಿ ಇಟ್ಟಿರುವ ವಿಶ್ವಾರಾಧ್ಯರ ಗುಂಪಿಗೆ ಆರು. ಜಲ್ಲಿ ಕ್ರಷರಿನ ಕಂಟ್ರಾಕ್ಟರು ರುದ್ರಮೂರ್ತಿಯವರ ಗುಂಪಿಗೂ ಆರು. ಉಳಿದ ಒಂದು, ಯಾವ ಗುಂಪಿಗೂ ಸೇರದೆ ಕಾಲೋನಿಯಿಂದ ನಿಂತು ಗೆದ್ದ ಪ್ರಜ್ಞಾ. ವಯಸ್ಸು ಇಪ್ಪತ್ತಾರು, ಮನೆಯಲ್ಲೇ ಹೊಲಿಗೆ ಕೆಲಸ. ಗಿರಿಯಪ್ಪನವರ ಅಣ್ಣನ ಮಗಳು.

ಎರಡೂ ಕಡೆಯವರು ಅವರ ಹೊಲಿಗೆ ಮೆಷಿನ್ನಿನ ಮುಂದೆ ಬಂದು ಕುಳಿತರು. ಪ್ರಜ್ಞಾ ಇಬ್ಬರಿಗೂ ಹೇಳಿದ್ದು ಒಂದೇ. “ಟ್ಯಾಂಕಿಂದ ನೇರವಾಗಿ ಕಾಲೋನಿಗೆ ಒಂದು ಲೈನು. ಇಲ್ಲಿ ಕೂತ್ಕಂಡು ಹೂಂ ಅನ್ಬ್ಯಾಡಿ. ಶಾಲೆ ಮುಂದೆ ನಿಂತ್ಕಂಡು, ನಿಮ್ಮ ಪೇಟೆ ಬೀದಿಯೋರಿಗೆಲ್ಲ ಕೇಳೋ ಹಂಗೆ ಹೇಳಿ. ಯಾರು ಮೊದ್ಲು ಹೇಳ್ತಾರೋ ನನ್ನ ಓಟು ಅವರಿಗೆ.”

ಒಳಗೆ ಇಬ್ಬರೂ ಹೂಂ ಅಂದರು. ಶಾಲೆಯ ಮುಂದೆ ಒಬ್ಬರೂ ನಿಲ್ಲಲಿಲ್ಲ. ಕಾಲೋನಿಗೆ ಬೇರೆ ಲೈನು ಅಂದರೆ ಪೇಟೆ ಬೀದಿಯ ಸಿಂಟೆಕ್ಸು ಅರ್ಧವೇ ತುಂಬುತ್ತದೆ. ಅದನ್ನು ಬಾಯಿಬಿಟ್ಟು ಹೇಳುವ ಗಂಡಸು ಆ ಹನ್ನೆರಡು ಜನರ ಪೈಕಿ ಇರಲಿಲ್ಲ.

ವಿಶ್ವಾರಾಧ್ಯರ ಬಲಗೈ ಚೌಡಪ್ಪ ತಟ್ಟೆಯಲ್ಲಿ ಕರ್ಪೂರ ತಂದು ಆಣೆ ಮಾಡು ಅಂದನಂತೆ. ಪ್ರಜ್ಞಾರ ಮನೆಯ ಗೋಡೆಯಲ್ಲಿ ಬುದ್ಧನ ಪಟವಿದೆ. “ನಮ್ಮನೇಲಿ ಕರ್ಪೂರ ಹಚ್ಚಲ್ಲ ಕಣಣ್ಣ. ಮಾತು ಅಂದ್ರೆ ಮಾತೇ,” ಅಂದರು. “ಆಣೆಗೂ ಹೆದರದೋಳ್ನ ಕಟ್ಟಾಕೋದು ಹೆಂಗಪ್ಪಾ?” ಎಂದು ಚೌಡಪ್ಪ ಟೀ ಅಂಗಡಿಯಲ್ಲಿ ತಲೆ ಕೆರೆದುಕೊಂಡ.

ಅಧ್ಯಕ್ಷರ ಆಯ್ಕೆಗೆ ದಿನ ಗೊತ್ತಾದರೆ ಒಂದು ಗುಂಪು ಬರುತ್ತದೆ, ಇನ್ನೊಂದು ಬರುವುದಿಲ್ಲ, ಪ್ರಜ್ಞಾರೂ ಹೋಗುವುದಿಲ್ಲ. ಕೋರಂ ಇಲ್ಲವೆಂದು ಅಧಿಕಾರಿ ವಾಪಸು ಹೋಗುತ್ತಾರೆ. ಎರಡೂ ಗುಂಪಿನವರು ತಮ್ಮ ಕಡೆ ಗೆದ್ದವರನ್ನು ಫೋನು ಕಿತ್ತುಕೊಂಡು ಟೂರಿಗೆ ಕಳಿಸಿದರು. ಕಡೂರಿನ ಲಾಡ್ಜೊಂದರ ಮಹಡಿಯಲ್ಲಿ ನಾಯಕರ ಪರವಾಗಿ ಬಂದವರ ಮಾತುಕತೆ ಮೇಲೆ ಮಾತುಕತೆ. ಊರಲ್ಲಿ ಬೋರು ಕೆಟ್ಟರೆ ಸಹಿ ಹಾಕುವವರಿಲ್ಲ, ಬೀದಿ ದೀಪ ಹೋದರೆ ಕೇಳುವವರಿಲ್ಲ.

ಆ ದಿನಗಳಲ್ಲೇ ಗಿರಿಯಪ್ಪನವರಿಗೆ ಒಂದು ವಿಚಿತ್ರ ಅನುಭವವಾಯಿತು. ಅದುವರೆಗೆ ‘ಲೇ ಗಿರಿಯಾ’ ಆಗಿದ್ದವರು ರಾತ್ರಿ ಬೆಳಗಾಗುವುದರಲ್ಲಿ ‘ಗಿರಿಯಪ್ಪನೋರು’ ಆದರು. ಟ್ಯಾಂಕಿನ ಹತ್ತಿರ ಬೈಕು ನಿಲ್ಲಿಸಿ ವಿಶ್ವಾರಾಧ್ಯರು ಹೆಗಲ ಮೇಲೆ ಕೈ ಹಾಕಿದರು. ಅಣ್ಣನ ಮಗಳಿಗೆ ಒಂದು ಬುದ್ಧಿಮಾತು ಹೇಳಬೇಕೆಂದರು, ಕೆಲಸ ಕಾಯಂ ಮಾಡುವ ಠರಾವು ಮೊದಲನೇ ಸಭೆಯಲ್ಲೇ ಅಂದರು. ಹೊರಡುವಾಗ ಕಾಲೋನಿಯ ಕಡೆ ಒಮ್ಮೆ ನೋಡಿ, “ಆ ಕಡೆ ನೀರು ಸ್ವಲ್ಪ ನೋಡ್ಕಂಡು ಬಿಡಪ್ಪಾ,” ಅಂದರು.

ಗಿರಿಯಪ್ಪ ಅದನ್ನು ಇದ್ದ ಹಾಗೇ ತೆಗೆದುಕೊಂಡರು. “ಕೇರಿಯೋರ ಬಗ್ಗೆ ಯಜಮಾನ್ರಿಗೆ ಕಾಳಜಿ ಬಂತಲ್ಲಪ್ಪಾ ಅಂದ್ಕಂಡೆ. ಅವತ್ತು ಇನ್ನೊಂದು ಸುತ್ತು ಜಾಸ್ತಿನೇ ತಿರುಗಿಸ್ದೆ,” ಎನ್ನುತ್ತಾರೆ. ಆವತ್ತು ಕಾಲೋನಿಯ ನಲ್ಲಿಗಳಲ್ಲಿ ಎಂದೂ ಇಲ್ಲದ ನೀರು. ಮಾರನೆಯ ದಿನ ಚೌಡಪ್ಪ ಗುಂಡಿಯ ಅಂಚಿಗೆ ಬಂದು ನಿಂತ. “ಏನಪ್ಪಾ, ನಿಂಗೆ ಕನ್ನಡ ಬರಲ್ವಾ? ನೋಡ್ಕಂಡು ಬಿಡು ಅಂದ್ರೆ ಏನು ಅಂತ ಬಿಡಿಸಿ ಹೇಳ್ಬೇಕಾ?”

ಬಿಡಿಸಿ ಹೇಳಲಿಲ್ಲ. ಅದೇ ಆ ಮಾತಿನ ಮಜ. ವಾಲ್ವು ಮುಚ್ಚು ಎಂದು ಯಾರೂ ಹೇಳಲಿಲ್ಲ, ನಾಳೆ ಕೇಳಿದರೆ ಹೇಳಿದ್ದಕ್ಕೆ ಸಾಕ್ಷಿಯೂ ಇಲ್ಲ. ಎರಡು ದಿನ ಬಿಟ್ಟು ರುದ್ರಮೂರ್ತಿಯವರೂ ಬಂದರು. ಅವರಿಗೂ ಬೇಕಾಗಿದ್ದು ಅದೇ ಒಂದು ಓಟು. ಅವರೂ ಹೆಗಲ ಮೇಲೆ ಕೈ ಹಾಕಿದರು. ಅವರ ಬಾಯಲ್ಲೂ ಅದೇ, ನೋಡ್ಕಂಡು ಬಿಡಪ್ಪಾ.

ಗಿರಿಯಪ್ಪ ನೋಡಿಕೊಂಡರು. ಒಂದು ಕಡೆ ಕಾಯಂ ಆಗುವ ಕೆಲಸ ಕಂಡಿತು, ಇನ್ನೊಂದು ಕಡೆ ಕೊಡ ಹಿಡಿದು ನಿಂತ ಹೆಂಡತಿ. ಪೂರ್ತಿ ಮುಚ್ಚಲು ಕೈ ಬರಲಿಲ್ಲ, ಪೂರ್ತಿ ಬಿಡಲು ಧೈರ್ಯ ಬರಲಿಲ್ಲ. ಅರ್ಧಕ್ಕೆ ನಿಲ್ಲಿಸಿದರು. ಪೈಪಿನ ಬಾಲದ ತುದಿಯ ಕೇರಿಗೆ ಅರ್ಧ ಅಂದರೆ ಏನೂ ಇಲ್ಲವೆಂದೇ ಅರ್ಥ. ವಾರವಿಡೀ ಕಾಲೋನಿಯ ಹೆಂಗಸರು ಪಕ್ಕದ ತೋಟದ ಪಂಪ್‌ಹೌಸಿನಿಂದ ತಲೆ ಮೇಲೆ ನೀರು ಹೊತ್ತರು. ಪ್ರೇಮಮ್ಮನೆಂಬ ಬಾಣಂತಿಯ ಮನೆಯಲ್ಲಿ ಮಗುವಿನ ಬಟ್ಟೆ ಒಗೆಯಲು ನೀರಿರಲಿಲ್ಲ. ನಲ್ಲಿಯ ಹತ್ತಿರ ತಿಪ್ಪಮ್ಮನವರನ್ನು ಕಂಡರೆ ಸಾಕು, ‘ನಿನ್ ಗಂಡ ಮನೇಲಿ ಹಂಡೆ ತುಂಬ್ಸಿ ಬಂದವ್ನೇನೇ?’ ಎಂದು ಚುಚ್ಚುತ್ತಿದ್ದರು. ತಿಪ್ಪಮ್ಮ ಖಾಲಿ ಕೊಡ ಎತ್ತಿ ತೋರಿಸುತ್ತಿದ್ದರು.

ಕಡೆಗೆ ಪ್ರಜ್ಞಾ ತಾವೇ ಗುಂಡಿಯ ಹತ್ತಿರ ಬಂದರು.

“ಚಿಕ್ಕಪ್ಪ, ನೀನೇ ಅಲ್ವಾ ಇದನ್ನ ಮಾಡ್ತಿರೋದು?”

“ಹೂಂ ಕಣವ್ವ.”

“ನಿನ್ ಕೈಲೇ ನಮ್ ಕತ್ತು ಹಿಸುಕಿಸ್ತಾವ್ರಲ್ಲ. ನಾನೇ ಹೋಗಿ ಯಾರಿಗೋ ಒಬ್ರಿಗೆ ಕೈ ಎತ್ಬಿಡ್ಲಾ? ಲೈನೂ ಬ್ಯಾಡ, ಏನೂ ಬ್ಯಾಡ.”

ಗಿರಿಯಪ್ಪ ಕೀಲಿ ಕೂರಿಸಿ, ಅವರ ಕಣ್ಣೆದುರೇ, ವಾಲ್ವು ಪೂರ್ತಿ ತೆರೆದು ಇನ್ನು ತಿರುಗದು ಅನ್ನುವ ತನಕ ತಿರುಗಿಸಿಬಿಟ್ಟರು. “ಕೈ ಎತ್ಬ್ಯಾಡ ಕಣವ್ವ,” ಅಂದರು. “ನಾವು ಸತ್ರೂ ಎತ್ಬ್ಯಾಡ.”

ಕಾಲೋನಿಗೆ ನೀರು ಬಂತು. ಪೈಪಿನ ನೀರು ಆ ಕಡೆ ಹರಿದು ಪೇಟೆ ಬೀದಿಯ ಸಿಂಟೆಕ್ಸುಗಳು ತುಂಬಲಿಲ್ಲ. ಆ ಬೀದಿಯವರು ಫೋನಿನ ಮೇಲೆ ಫೋನು ಮಾಡಿ ಇಬ್ಬರು ನಾಯಕರನ್ನೂ ತರಾಟೆಗೆ ತೆಗೆದುಕೊಂಡರು. ಎರಡು ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡದವರು ಆಗ ನೋಡಿಕೊಂಡರು. ಕಡೂರಿನ ಲಾಡ್ಜಿನ ಮಹಡಿಯಲ್ಲಿ ಮಧ್ಯಾಹ್ನದ ಊಟ ಮುಗಿಯುವುದರಲ್ಲಿ ಎಲ್ಲ ಇತ್ಯರ್ಥ. ಅಧ್ಯಕ್ಷಗಿರಿ ಹದಿನೈದು ತಿಂಗಳು ನಿಮ್ಮದು, ಹದಿನೈದು ತಿಂಗಳು ನಮ್ಮದು. ಪ್ರಚಾರದಲ್ಲಿ ಒಬ್ಬರನ್ನೊಬ್ಬರು ಕಳ್ಳರೆಂದು ಕರೆದ ಬಾಯಿಗಳು ಒಂದೇ ಹಾರದೊಳಗೆ ತಲೆ ತೂರಿಸಿ ಫೋಟೋಗೆ ಹಲ್ಲು ಕಿರಿದವು. ಊರಿನ ಅಭಿವೃದ್ಧಿಗಾಗಿ ಒಂದಾದೆವು ಅಂದರು. ಹನ್ನೆರಡು ಜನ ಒಂದಾದ ಮೇಲೆ ಹದಿಮೂರನೆಯವರ ಓಟು ಯಾರಿಗೆ ಬೇಕು?

ಹೊಸ ಪಂಚಾಯ್ತಿಯ ಮೊದಲ ಸಭೆ. ಪ್ರಜ್ಞಾ ಎದ್ದು ನಿಂತರು. ಕಾಲೋನಿಗೆ ಸರಿಯಾಗಿ ನೀರು ಬಂದಿಲ್ಲ, ಬಾಣಂತಿಯರು ಕಷ್ಟಪಟ್ಟಿದ್ದಾರೆ, ಬೇರೆ ಲೈನು ಆಗಲೇಬೇಕು ಅಂದರು. ಲೈನಿನ ಮಾತು ತೆಗೆಯಲು ಅವರಿಗೆ ಬೇರೆ ದಾರಿ ಇರಲಿಲ್ಲ. ರುದ್ರಮೂರ್ತಿಯವರು ಕೂಡಲೇ ಎದ್ದರು. “ಮಾನ್ಯ ಸದಸ್ಯರು ಹೇಳಿದ್ದು ನೂರಕ್ಕೆ ನೂರು ನಿಜ. ಬಡವರಿಗೆ ನೀರು ಬಿಡದೋನ್ನ ಸುಮ್ನೆ ಬಿಡಬಾರದು.” ಅಧ್ಯಕ್ಷರ ಕುರ್ಚಿಯಿಂದ ವಿಶ್ವಾರಾಧ್ಯರು ಕೇಳಿದರು: “ನೀರುಗಂಟಿನ ತೆಗೆಯೋದಕ್ಕೆ ಯಾರದಾದ್ರೂ ವಿರೋಧ ಐತಾ?” ಪ್ರಜ್ಞಾ ಒಬ್ಬರೇ ಕೈ ಎತ್ತಿದರು. ದೂರು ಕೊಟ್ಟವಳೂ ನೀನೇ, ವಿರೋಧ ಮಾಡುವವಳೂ ನೀನೇನಾ ಎಂದು ಹನ್ನೆರಡು ಜನ ನಕ್ಕರು. ಲೈನಿನ ವಿಷಯ ಮುಂದಿನ ಸಭೆಗೆ.

“ನನ್ನ ಬಾಯಿಂದ್ಲೇ ಹೇಳಿಸಿ ನಮ್ ಚಿಕ್ಕಪ್ಪನ ಅನ್ನ ಕಿತ್ಕಂಡ್ರು,” ಎನ್ನುತ್ತಾರೆ ಪ್ರಜ್ಞಾ. ಹೊಲಿಗೆ ಮೆಷಿನ್ನಿನ ಮೇಲಿನ ಬಟ್ಟೆಯನ್ನು ಮಡಚಿ ಬಿಚ್ಚಿ ಮತ್ತೆ ಮಡಚುತ್ತಾರೆ. ಆ ದಿನದಿಂದ ಅವರು ಗಿರಿಯಪ್ಪನವರ ಮನೆಯ ಮುಂದೆ ತಲೆ ಎತ್ತಿ ನಡೆದಿಲ್ಲ. ಗಿರಿಯಪ್ಪ ಕರೆದು ಕಾಫಿ ಕುಡಿಸಿದರೂ ಅವರಿಗೆ ಸಮಾಧಾನವಿಲ್ಲ. ಅಜ್ಜಂಪುರಕ್ಕೆ ಹೋಗಿ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಬಂದಿದ್ದಾರೆ. ಪಂಚಾಯ್ತಿಯಿಂದ ವರದಿ ತರಿಸಿಕೊಳ್ಳುತ್ತೇವೆ ಅಂದರಂತೆ ಅಲ್ಲಿ. ಯಾರು ಬರೆದು ಕಳಿಸುವ ವರದಿ? ಅವರೇ.

ಹೊಸ ನೀರುಗಂಟಿ ಚೌಡಪ್ಪನ ತಂಗಿಯ ಗಂಡ. ನಿನ್ನೆ ಕೆಲಸ ನೋಡಲು ಬಂದಿದ್ದನಂತೆ. ಕಾಲೋನಿಯ ವಾಲ್ವು ಹಳೆಯದು, ಜೋರಾಗಿ ತಿರುಗಿಸಿದರೆ ಕತ್ತು ಮುರಿಯುತ್ತದೆ, ಮಗುವಿನ ಕಿವಿ ಹಿಂಡಿದ ಹಾಗೆ ಮೆಲ್ಲಗೆ ತಿರುಗಿಸಬೇಕು ಎಂದು ಗಿರಿಯಪ್ಪ ಅವನಿಗೆ ತೋರಿಸಿಕೊಟ್ಟಿದ್ದಾರೆ. ತನ್ನ ಅನ್ನ ಕಿತ್ತುಕೊಳ್ಳಲು ಬಂದವನಿಗೆ ಕೆಲಸ ಕಲಿಸುವ ಕರ್ಮ. ಅವನು ಎಲ್ಲ ಕೇಳಿ ಕಡೆಗೆ ಅಂದನಂತೆ, ‘ನಂಗೆ ಭಾವ ಆಗ್ಲೇ ಹೇಳವ್ರೆ ಬಿಡು, ಕೇರಿ ಕಡೆ ನೋಡ್ಕಂಡು ಬಿಡು ಅಂತ.’

ಬೆಳಕು ಹರಿದಿದೆ. ಗಿರಿಯಪ್ಪ ಗುಂಡಿಯಿಂದ ಮೇಲೆ ಬಂದು ಚಪ್ಪಡಿ ಎಳೆದು, ಅದರ ಮೇಲೇ ಕೂತು, ಕೀಲಿಯ ಕೆಸರನ್ನು ಲುಂಗಿಯ ತುದಿಯಿಂದ ಒರೆಸುತ್ತಾರೆ. ಬೈಕಿನಲ್ಲಿ ಹೋಗುತ್ತಿದ್ದ ಚೌಡಪ್ಪ ನಿಲ್ಲಿಸದೆಯೇ ಕೂಗುತ್ತಾನೆ: “ಲೇ ಗಿರಿಯಾ, ನಾಳಿದ್ದು ಕೀಲಿ ಮರೀಬ್ಯಾಡ!” ಕಾಲೋನಿಯ ಕಡೆಯಿಂದ ಪ್ಲಾಸ್ಟಿಕ್ ಕೊಡಗಳ ಸದ್ದು ಬರುತ್ತಿದೆ. ಯಾರೋ ಯಾರನ್ನೋ ಸರದಿ ತಪ್ಪಿಸಿದೆ ಎಂದು ಬಯ್ಯುತ್ತಿದ್ದಾರೆ. ನೀರು ಬಂದ ಕೇರಿಯ ಸದ್ದು ಅದು.

ಇನ್ನೇನು ಆಸೆ ಇದೆ ಎಂದರೆ ಗಿರಿಯಪ್ಪ ಒರೆಸಿದ ಕೀಲಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಳ್ಳುತ್ತಾರೆ.

“ನಾಳೆ ಒಂದಿನ ಐತಲ್ಲ,” ಅನ್ನುತ್ತಾರೆ. “ನಾಳೆ ಯಾರನ್ನೂ ನೋಡ್ಕಂಡು ಬಿಡಲ್ಲ. ಸುಮ್ನೆ ಬಿಡ್ತೀನಿ.”