ನೇರಳೆಯೋ ಬದನೆಯೋ

ಮೊದಲ ಸೀರೆ ವಾಪಸು ಬಂದದ್ದು ಒಂದು ಮಂಗಳವಾರ. ವಾರ ನೆನಪಿರುವುದು ಯಾಕೆಂದರೆ ಅವತ್ತು ನಮ್ಮ ಬಿಲ್ಡಿಂಗಿಗೆ ನೀರು ಒಂದೇ ಹೊತ್ತು. ನಾನು ಒಂದು ಕೈಯಲ್ಲಿ ಪೈಪು ಹಿಡಿದು ಬಕೆಟ್ ತುಂಬಿಸುತ್ತಿದ್ದೆ, ಇನ್ನೊಂದು ಕೈಯಲ್ಲಿ ಫೋನು. ಆ ಕಡೆಯಿಂದ ಮಾಟುಂಗದ ಸೀರೆ ಅಂಗಡಿಯವರ ಸೊಸೆ.

"ಆಂಟಿ, ಕಸ್ಟಮರ್ ಬೊಬ್ಬೆ ಹಾಕ್ತಾ ಇದ್ದಾರೆ. ಫೋಟೋದಲ್ಲಿ ನೇರಳೆ ಹಣ್ಣಿನ ಬಣ್ಣ ಉಂಟಂತೆ, ಬಾಕ್ಸ್ ಓಪನ್ ಮಾಡಿದ್ರೆ ಬದನೆಕಾಯಿ ಅಂತೆ."

ಆ ಅಂಗಡಿ ಈಗ ಫೋನಿನಲ್ಲೂ ಸೀರೆ ಮಾರುತ್ತದೆ. ಫೋಟೋ ತೆಗೆಯುವವರು ಬೇರೆ. ಅವರು ತೆಗೆದ ಫೋಟೋದ ಬಣ್ಣವನ್ನು ಸೀರೆಯ ನಿಜವಾದ ಬಣ್ಣಕ್ಕೆ ತಂದು ಕೂರಿಸುವುದು ನನ್ನ ಕೆಲಸ. ಸೀರೆಯ ಗಂಟು ರಿಕ್ಷಾದಲ್ಲಿ ಚೆಂಬೂರಿನ ನಮ್ಮ ಮನೆಗೆ ಬರುತ್ತದೆ. ಒಂದೊಂದನ್ನೇ ಬಿಡಿಸಿ ಮೇಜಿನ ಮೇಲೆ ಹಾಸಿಕೊಂಡು, ಕಂಪ್ಯೂಟರಿನಲ್ಲಿ ಫೋಟೋ ತೆರೆದು, ಎರಡೂ ಒಂದೇ ಆಗುವವರೆಗೆ ತಿದ್ದುತ್ತೇನೆ. ಮದುವೆಗೆ ಮೊದಲು ಪರೇಲಿನ ಒಂದು ಪ್ರೆಸ್ಸಿನಲ್ಲಿ ಬಣ್ಣದ ಪ್ರೂಫ್ ನೋಡುತ್ತಿದ್ದವಳು ನಾನು. ಹಾಳೆ ಮಿಶಿನಿನಿಂದ ಹೊರಗೆ ಬರುತ್ತಿದ್ದ ಹಾಗೆ, ಕೆಂಪು ಒಂದು ಗುಂಜಿ ಜಾಸ್ತಿಯಾಗಿದೆ ಎಂದು ದೂರದಿಂದಲೇ ಹೇಳುತ್ತಿದ್ದೆ. ಅಲ್ಲಿಯ ಹಿರಿಯರು ತಮ್ಮ ಕಣ್ಣಿಗಿಂತ ನನ್ನ ಕಣ್ಣನ್ನು ನಂಬುತ್ತಿದ್ದರು. ಓದು ಹೆಚ್ಚಿಲ್ಲದ ನನಗೆ ಅದೊಂದೇ ಡಿಗ್ರಿ.

ಎರಡನೆಯ ಸೀರೆ ಹದಿನೈದು ದಿನ ಬಿಟ್ಟು ಬಂತು. ಅದೂ ನೇರಳೆಯ ಪೈಕಿಯದೇ. ಮೂರನೆಯದು ಕಡುನೀಲಿ. ಆಗ ಸೊಸೆ ನಗುತ್ತಲೇ ಹೇಳಿದಳು: "ಕಣ್ಣು ನಿಮ್ದು, ರಿಟರ್ನ್ ನಮ್ದು ಆಂಟಿ." ಅವಳು ತಮಾಷೆಗೇ ಅಂದದ್ದು. ನಾನು ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಅದರ ಹಿಂದೆಯೇ ಅವಳು ಇನ್ನೊಂದು ಮಾತು ಸೇರಿಸಿದ್ದಳು. ನವರಾತ್ರಿಯ ಸೀರೆಗಳನ್ನು ಈ ಸಲ ಒಂದು ಏಜೆನ್ಸಿಗೆ ಕೊಡಬೇಕು ಅಂತ ಅವಳ ಗಂಡ ಹೇಳುತ್ತಿದ್ದಾರಂತೆ. ಮುಂಬೈಯಲ್ಲಿ ನವರಾತ್ರಿಯೆಂದರೆ ಒಂಬತ್ತು ದಿನಕ್ಕೆ ಒಂಬತ್ತು ಬಣ್ಣ. ದಿನದ ಬಣ್ಣ ಮೊದಲೇ ಗೊತ್ತಿರುತ್ತದೆ. ಅವತ್ತು ಲೋಕಲ್ ಟ್ರೈನಿನ ಲೇಡೀಸ್ ಡಬ್ಬಿಗೆ ಹತ್ತಿದವರೆಲ್ಲ ಹಳದಿ ಎಂದರೆ ಹಳದಿಯೇ. ಬ್ಯಾಂಕಿನವರು, ಮೀನು ಮಾರುವವರು, ನರ್ಸುಗಳು, ಎಲ್ಲರೂ. ಅಲ್ಲಿ ಬಣ್ಣ ತಪ್ಪಿದರೆ ಮುಚ್ಚಿಡಲು ಜಾಗವಿಲ್ಲ. ಆ ಒಂಬತ್ತರಲ್ಲಿ ರಾಯಲ್ ಬ್ಲೂ ಒಂದು, ಮರಾಠಿಯವರು ಜಾಂಭಳಾ ಎನ್ನುವ ನೇರಳೆ ಒಂದು. ಈ ಎರಡು ಕೆಟ್ಟರೆ ಕೆಲಸ ಹೋದ ಹಾಗೆ. "ನಾನೇ ಮಾಡ್ತೇನೆ, ತಪ್ಪು ಎಲ್ಲಿ ಅಂತ ಹುಡುಕಲಿಕ್ಕೆ ಎರಡು ವಾರ ಕೊಡು," ಎಂದೆ.

ಎರಡು ವಾರ ನಾನು ಒಂದು ಕಡೆ ಕೂತಿಲ್ಲ. ಮೊದಲು ಸಂಶಯ ಬಂದದ್ದು ಕಿಟಕಿಯ ಮೇಲೆ. ನಮ್ಮ ಬಿಲ್ಡಿಂಗು ರಿಪೇರಿಯಲ್ಲಿತ್ತು. ಬಿದಿರು ಕಟ್ಟಿ ಮೇಲಿಂದ ಕೆಳಗಿನವರೆಗೆ ಹಸಿರು ಬಲೆ ಹೊದೆಸಿದ್ದರು. ಮನೆಯೊಳಗೆ ಕೂತರೆ ಕೆರೆಯ ತಳದಲ್ಲಿ ಕೂತ ಹಾಗೆ ಬೆಳಕು; ಅನ್ನ ಕೂಡ ಹಸಿರು. ಇದೇ ಕಳ್ಳ ಅಂದುಕೊಂಡು ಮೇಜನ್ನು ಒಳಗಿನ ಕೋಣೆಗೆ ಎಳೆದೆ. ಅಲ್ಲಿ ಟ್ಯೂಬ್‌ಲೈಟ್ ಮೇಲೆ ಸಂಶಯ. ಬದಲಿಸಿದೆ. ಗೋಡೆ ತಿಳಿಗುಲಾಬಿ ಇತ್ತು, ಅದಕ್ಕೆ ಬಿಳಿ ಬೆಡ್‌ಶೀಟ್ ಕಟ್ಟಿದೆ. ಮನೆಯವರು ಬಾಗಿಲಲ್ಲಿ ನಿಂತು, "ಎಂತ ಮಾರಾಯ್ತಿ, ನಾಟಕ ಆಡ್ಲಿಕ್ಕುಂಟಾ?" ಎಂದರು. ಇಷ್ಟಾದ ಮೇಲೆ ವಾಪಸು ಬಂದ ಸೀರೆಯನ್ನು ತರಿಸಿ ಹಾಸಿ ನೋಡಿದೆ. ನನ್ನ ಕಣ್ಣಿಗೆ ಫೋಟೋ ಸರಿಯಾಗಿಯೇ ಇತ್ತು. ಹಾಗಾದರೆ ಉಳಿದದ್ದು ಮಾನಿಟರು. ಹತ್ತು ವರ್ಷದ ಹಳತು, ಒಂದು ಮೂಲೆಯಲ್ಲಿ ಮಬ್ಬು ಬೇರೆ. ಅದನ್ನು ದೂರಲು ಮನಸ್ಸಿಗೆ ಕಷ್ಟವಾಗಲಿಲ್ಲ.

ಹೊಸತು ಆರಿಸುವುದು ಹೇಗೆ? ಮಗಳು ಕಾಲೇಜಿಗೆ ಹೋಗುವ ಗಡಿಬಿಡಿಯಲ್ಲೂ ಫೋನಿನಲ್ಲಿ ಒಂದರ ಹಿಂದೆ ಒಂದು ತೋರಿಸಿದಳು. ಒಂದರಲ್ಲಿ ನೂರು ಕೋಟಿ ಬಣ್ಣ ಕಾಣುತ್ತದಂತೆ. ಇದ್ದರೆ ನನಗೇನು? ನನಗೆ ಬೇಕಾದದ್ದು ಎರಡು. ಆಗ ನನಗೆ ಹೊಳೆದದ್ದು ನಮ್ಮ ಹೆಂಗಸರ ಉಪಾಯ. ಸೀರೆ ಕೊಳ್ಳುವಾಗ ಅಂಗಡಿಯ ದೀಪವನ್ನು ನಂಬದೆ ಬಾಗಿಲಿನ ಹೊರಗೆ ಬಿಸಿಲಿಗೆ ಹಿಡಿದು ನೋಡುವುದಿಲ್ಲವೇ, ಹಾಗೆ. ಕಪಾಟಿನಲ್ಲಿ ರವಿಕೆ ಕಣದ ರಾಶಿಯೇ ಇತ್ತು. ಅರಶಿನ ಕುಂಕುಮದ ಜೊತೆ ಬಂದವು, ಹೊಲಿಸದೆ ಮನೆಯಿಂದ ಮನೆಗೆ ತಿರುಗುವಂಥವು. ಅವುಗಳಲ್ಲಿ ಎಂಟು ಆರಿಸಿದೆ: ಅಬ್ಬಲಿಗೆ, ಕುಂಕುಮ, ಗಿಳಿಹಸಿರು, ನವಿಲು, ನೇರಳೆ, ಬದನೆ, ಕಡುನೀಲಿ, ಹೊಗೆ. ಟೆರೇಸಿಗೆ ಹೋಗಿ ಬೆಳಗಿನ ಬೆಳಕಿನಲ್ಲಿ ಫೋಟೋ ತೆಗೆದು, ಎಂದಿನಂತೆ ತಿದ್ದಿ, ಪೆನ್‌ಡ್ರೈವಿಗೆ ಹಾಕಿ, ಕಣಗಳನ್ನು ಕೈಚೀಲದಲ್ಲಿ ಹೊತ್ತು, ಸಾಲು ಸಾಲು ಕಂಪ್ಯೂಟರ್ ಅಂಗಡಿಗಳಿರುವ ಲ್ಯಾಮಿಂಗ್ಟನ್ ರೋಡಿಗೆ ಹೊರಟೆ.

ಮೊದಲ ಅಂಗಡಿಯಲ್ಲಿ ಗೋಡೆ ತುಂಬ ಮಾನಿಟರು, ಎಲ್ಲದರಲ್ಲೂ ಒಂದೇ ಗಿಳಿ, ಪ್ರತಿಯೊಂದರಲ್ಲೂ ಬೇರೆ ಬೇರೆ ಹಸಿರು. ನಾನು ಚೀಲದಿಂದ ಗಿಳಿಹಸಿರು ಕಣ ತೆಗೆದು ಒಂದರ ಪಕ್ಕ ಹಿಡಿದೆ. ಕೌಂಟರಿನವನು ಹಿಂದಿಯಲ್ಲಿ, "ಆಂಟಿ, ಮ್ಯಾಚಿಂಗ್ ಸೆಂಟರ್ ಎದುರಿನ ಗಲ್ಲಿಯಲ್ಲಿದೆ," ಎಂದ. ನಾಲ್ಕು ಜನ ನಕ್ಕರು. ನಾನೂ ನಕ್ಕೆ, ಬೇರೇನು ಮಾಡುವುದು. ಎರಡನೆಯ ಅಂಗಡಿಯಲ್ಲಿ ಪೆನ್‌ಡ್ರೈವ್ ಹಾಕಲು ಬಿಡಲಿಲ್ಲ. ಮೂರನೆಯದರಲ್ಲಿ ಬಿಟ್ಟರು, ಆದರೆ ಪರದೆಯ ಹೊಳಪಿನಲ್ಲಿ ನನ್ನ ಮುಖವೇ ಕಂಡಿತು.

ನಾಲ್ಕನೆಯದು ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿ, ಹೆಚ್ಚು ಕಡಿಮೆ ರಿಪೇರಿಯದೇ. ನಾನು ಹೊರಗೆ ನಿಂತು ಮಗಳಿಗೆ ಫೋನಿನಲ್ಲಿ ಕನ್ನಡದಲ್ಲಿ ಗೊಣಗುತ್ತಿದ್ದೆ. ಒಳಗಿನಿಂದ ಒಂದು ದನಿ:

"ಏನ್ರೀ ಅಕ್ಕಾರ, ಖಣ ಹಿಡ್ಕೊಂಡು ಬಂದೀರಿ? ಮಾನಿಟರ್‌ಗೆ ಉಡಿ ತುಂಬವ್ರೇನು?"

ಅಂಗಡಿಯ ಯಜಮಾನರು, ನನ್ನ ವಯಸ್ಸಿನವರೇ. ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಸ್ಕ್ರೂಡ್ರೈವರು. ಊರು ವಿಜಯಪುರದ ಕಡೆ. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ ಅಂತ ಅವರೇ ಹೇಳಿದರು. ನಾನು ಸ್ಟೂಲಿನ ಮೇಲೆ ಕೂತು ನೇರಳೆಯಿಂದ ನವರಾತ್ರಿಯವರೆಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ. ಒಂದು ಮಾನಿಟರು ತೋರಿಸಿದರು. ಹೊಳಪಿಲ್ಲದ ಪರದೆ, ಪಕ್ಕದಿಂದ ನೋಡಿದರೂ ಬಣ್ಣ ಬದಲಾಗದು. ಕಂಪ್ಯೂಟರಿನ ಮೌಸಿನಂಥ ಒಂದು ಉಪಕರಣವನ್ನು ಪರದೆಯ ಮುಂದೆ ಇಳಿಬಿಟ್ಟರು. ಪರದೆ ಕೆಂಪಾಯಿತು, ಹಸಿರಾಯಿತು, ನೀಲಿಯಾಯಿತು, ಬೂದಿಯಾಯಿತು.

"ಇದು ಕಣ್ಣಿಲ್ಲದ ಕಣ್ಣು ನೋಡ್ರಿ. ಯಾ ಬಣ್ಣ ಎಷ್ಟು ತಪ್ಪೇದ ಅಂತ ಅಳದು ಸರಿ ಮಾಡ್ತದ. ಬೆಳಕು ಕಮ್ಮಿ ಇಟ್ಕೊಳ್ರಿ, ಇಲ್ಲಾಂದ್ರ ಎಲ್ಲಾ ಬಣ್ಣ ಸುಳ್ಳ ಹೇಳ್ತಾವ."

ನನಗೆ ಅದು ಸಪ್ಪೆಯಾಗಿ ಕಂಡಿತು, ಎಣ್ಣೆ ಹಚ್ಚದ ತಲೆಯ ಹಾಗೆ. ಅದನ್ನೇ ಅವರಿಗೆ ಅಂದೆ. "ಖರೇ ಇರೋದು ಸಪ್ಪಗ ಇರ್ತದ ಅಕ್ಕಾರ," ಎಂದು ಪೆನ್‌ಡ್ರೈವ್ ಹಾಕಿ ಒಂದೊಂದೇ ಫೋಟೋ ತೆರೆದರು. ಕಣವನ್ನು ಅಂಗಡಿಯ ಬಾಗಿಲಿಗೆ ತಂದು ಬೆಳಕಿಗೆ ಹಿಡಿದರು, ಪರದೆ ನೋಡಿದರು, ಮತ್ತೆ ಕಣ. ಅಬ್ಬಲಿಗೆ, ಕುಂಕುಮ, ಗಿಳಿಹಸಿರು. "ಬರೋಬರಿ. ಕೈ ಚೊಲೊ ಅದ ನಿಮ್ದು." ನೇರಳೆ ಬಂತು. ಕಣವನ್ನು ಮತ್ತೊಮ್ಮೆ ಬಾಗಿಲಿಗೆ ಒಯ್ದರು. ಬದನೆ. ಕಡುನೀಲಿ. ಕನ್ನಡಕ ಒರೆಸಿಕೊಂಡರು.

"ಈ ಎರಡು ಖಣ ಬ್ಯಾರೆ ಬ್ಯಾರೆ ಅದಾವು, ಹೌದಲ್ರಿ?"

"ಹೌದು. ಇದು ನೇರಳೆ, ಇದು ಬದನೆ."

"ಫೋಟೋದಾಗ?"

"ಅದರಲ್ಲೂ ಬೇರೆಯೇ ಉಂಟಲ್ಲ?"

"ಅಕ್ಕಾರ, ಫೋಟೋದಾಗ ಎರಡೂ ಒಂದ ಅದಾವು. ಬದನಿಕಾಯಿಗೂ ನೀವು ನೀಲಿ ಹಾಕೀರಿ."

ನಾನು ಮುಂದೆ ಬಾಗಿದೆ. ನನಗೆ ಒಂದೇ ಎಂದು ಕಾಣಲಿಲ್ಲ. ಬೇರೆ ಎಂದು ಕಂಡದ್ದು ಕೂಡ ಹೆಸರು ಗೊತ್ತಿದ್ದದ್ದರಿಂದಲೋ ಏನೋ. ಹೊರಗೆ ಒಂದು ಕೈಗಾಡಿ ಸಿಕ್ಕಿಕೊಂಡು ಹಿಂದಿನ ಗಾಡಿಯವರು ಹಾರ್ನ್ ಹೊಡೆಯುತ್ತಿದ್ದರು. ಎದ್ದು ಹೋಗಿಬಿಡೋಣ ಅನಿಸಿತು.

ಅವರು ಪರದೆ ಆರಿಸಿದರು. "ನಮ್ಮಣ್ಣ ಧಾರಾವಿಯೊಳಗ ಚರ್ಮಕ್ಕ ಬಣ್ಣ ಹಚ್ಚೋ ಕೆಲಸ ಮಾಡ್ತಿದ್ದ. ಒಂದು ವರ್ಷ ನೀಲಿ ಬ್ಯಾಗಿಗೆ ಕರಿ ಪಟ್ಟಿ, ಕರಿ ಬ್ಯಾಗಿಗೆ ನೀಲಿ ಪಟ್ಟಿ. ಡಬ್ಬಿ ಬದಲಿ ಮಾಡಿದ, ದೀಪ ಬದಲಿ ಮಾಡಿದ, ಮಾಲೀಕನ ಸಂಗಡ ಜಗಳಾಡಿದ. ಕಡೀಕ ಕಣ್ಣೊಳಗ ಪೊರಿ. ಇದನ್ನ ನಾ ಇವತ್ತ ನಿಮಗ ಮಾರಬಹುದು. ಖರೇ ಹೇಳ್ತೀನಿ, ಮೊದಲ ಕಣ್ಣ ತೋರಸ್ರಿ."

ಇನ್ನೊಬ್ಬರು ಹೇಳಿದ್ದರೆ ಸಿಟ್ಟು ಬರುತ್ತಿತ್ತು. ಕಣಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕಿದೆ. ಬಲೆ, ಟ್ಯೂಬ್‌ಲೈಟ್, ಗೋಡೆ, ಮಾನಿಟರು ಎಂದು ಇಷ್ಟು ದಿನ ನಾನು ಓಡಿದ್ದು ಈ ಒಂದು ಮಾತಿನಿಂದ ತಪ್ಪಿಸಿಕೊಳ್ಳಲಿಕ್ಕೇ ಎಂದು ಆಗ ಗೊತ್ತಾಯಿತು. ಸೊಸೆ ತಮಾಷೆ ಮಾಡಿದ ದಿನವೇ ನನಗೆ ಅಂದಾಜಿತ್ತು.

ಆದರೂ ಐದು ದಿನ ತಳ್ಳಿದೆ. ಆರನೆಯ ದಿನ ಪರೇಲಿನ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ದೀಪ ಹಾಯಿಸಿ ನೋಡಿ, "ಮೋತಿಬಿಂದು," ಎಂದರು. ಎರಡೂ ಕಣ್ಣಿನಲ್ಲಿ ಪೊರೆ, ಬಲಗಡೆ ಹೆಚ್ಚು. ಕಣ್ಣೊಳಗಿನ ಮಸೂರ ಚಹಾ ಸೋಸುವ ಬಟ್ಟೆಯ ಹಾಗೆ ಹಳದಿಯಾಗಿದೆಯಂತೆ, ಅದಕ್ಕೆ ನೀಲಿ ಒಳಗೆ ಇಳಿಯುವುದಿಲ್ಲ. "ಇಷ್ಟು ದಿನ ನನಗೆ ಗೊತ್ತೇ ಆಗಲಿಲ್ಲವಲ್ಲ?" ಎಂದೆ. ನಿಧಾನಕ್ಕೆ ಹೋಗುವಂಥದ್ದು ಹೋಗಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಆಪರೇಷನ್ನಿಗೆ ಸಿಕ್ಕಿದ ದಿನ ದಸರಾ ಕಳೆದ ಮೇಲಿನದು.

ಅಲ್ಲಿಂದ ನೇರ ಮಾಟುಂಗಕ್ಕೆ ಹೋದೆ. ಫೋನಿನಲ್ಲಿ ಹೇಳುವ ಮಾತಲ್ಲ. ಸೊಸೆ ಗಿರಾಕಿಗಳ ಮುಂದೆ ಹಾಸಿದ ಸೀರೆಗಳನ್ನು ಮಡಚುತ್ತಿದ್ದಳು.

"ಮೂರೂ ಸೀರೆಯ ತಪ್ಪು ನನ್ನದೇ. ಕಣ್ಣಿಗೆ ಪೊರೆ ಬಂದಿದೆ."

ಅವಳ ಕೈ ನಿಂತಿತು. "ಅಯ್ಯೋ, ನಾನು ಸುಮ್ನೆ ಜೋಕ್ ಮಾಡಿದ್ದು ಆಂಟಿ."

"ಜೋಕ್ ಸರಿಯೇ ಇತ್ತು."

"ಹಾಗಾದ್ರೆ ನವರಾತ್ರಿದು ಏಜೆನ್ಸಿಗೆ ಕೊಡ್ಲಾ?"

"ಏಳು ಬಣ್ಣ ನಾನು ಮಾಡ್ತೇನೆ. ಎರಡಕ್ಕೆ ಮಗಳನ್ನು ಪಕ್ಕದಲ್ಲಿ ಕೂರಿಸ್ತೇನೆ."

"ಅವಳಿಗೆ ಬಣ್ಣ ಗೊತ್ತುಂಟಾ?"

"ಹೆಸರು ಗೊತ್ತಿಲ್ಲ. ಕಾಣ್ತದೆ."

ಸೊಸೆ ನಗಬೇಕೋ ಬೇಡವೋ ಎಂದು ನನ್ನ ಮುಖ ನೋಡಿದಳು. "ನಮ್ಮ ಇವರಿಗೆ ನಾನೆಂತ ಹೇಳುದು? ಒಂದು ನೇರಳೆ ವಾಪಸು ಬಂದ್ರೂ..."

"ಬಂದರೆ ನೀನು ಹೇಳುವುದು ಬೇಡ. ನಾನೇ ಬಿಡ್ತೇನೆ."

ಮರುದಿನ ಮತ್ತೆ ಲ್ಯಾಮಿಂಗ್ಟನ್ ರೋಡು. "ಆಪರೇಷನ್ ಆಗ್ಲಿ ತಡೀರಿ, ಈಗ ನಿಮಗೆದಕ್ಕ?" ಎಂದರು ವಿಜಯಪುರದವರು. "ನನಗಲ್ಲ, ಮಗಳ ಕಣ್ಣಿಗೆ," ಎಂದೆ. ಅವರು ಅದೇ ಸಪ್ಪೆ ಮಾನಿಟರನ್ನು ತಾವೇ ಮನೆಗೆ ತಂದು, ಉಪಕರಣ ಹಿಡಿದು ಅಳೆದು, ಕೂರಿಸಿ ಹೋದರು.

ಮಗಳನ್ನು ಕೂರಿಸುವುದೇ ದೊಡ್ಡ ಕೆಲಸವಾಯಿತು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಆಡುವಾಗ ಅರ್ಧ ದಾರಿಯಲ್ಲಿ ಹಿಂದಿಗೆ ಹಾರುತ್ತಾಳೆ. ಒಂಬತ್ತು ನೇರಳೆ ಸೀರೆಗಳನ್ನು ಕಿಟಕಿಯ ಬಳಿ, ರಿಪೇರಿಯವರನ್ನು ಬೇಡಿ ಬಲೆ ಒಂದಿಷ್ಟು ಮೇಲೆತ್ತಿಸಿದ್ದ ಜಾಗದಲ್ಲಿ, ಹಾಸಿದೆ.

"ಇದು ಯಾವ ಬಣ್ಣ?"

"ಪರ್ಪಲ್."

"ಇದು?"

"ಪರ್ಪಲ್. ಅಮ್ಮ, ಸಬ್ ಪರ್ಪಲ್ ಹೈ."

"ಸರಿಯಾಗಿ ನೋಡು. ಒಂದರಲ್ಲಿ ಕೆಂಪು ಉಂಟು, ಒಂದರಲ್ಲಿ ಇಲ್ಲ."

ಅವಳು ಎದ್ದು ಹೋಗಿ ನೀರು ಕುಡಿದು ಬಂದಳು. ಆಮೇಲೆ ಒಂದು ಸೀರೆಯ ಮೇಲೆ ಬೆರಳಿಟ್ಟು, "ಇದು ಥೋಡಾ ಬದನೆಕಾಯಿ ಹಾಗೆ... ಪಲ್ಯ ಆದ ಮೇಲೆ ಅಲ್ಲ, ಮೊದಲು," ಎಂದಳು. ಅಷ್ಟು ಸಾಕಾಯಿತು. ಕೈ ನನ್ನದು, ಅವಳದು ಬರೀ ಬಾಯಿ: ನೀಲಿ ತೆಗಿ, ಇನ್ನೂ ತೆಗಿ, ಜಾಸ್ತಿ ಆಯ್ತು, ವಾಪಸ್. ನನಗೆ ಏನೂ ಬದಲಾದಂತೆ ಕಾಣದ ಕಡೆ ಅವಳು "ಬಸ್, ಬಸ್" ಎನ್ನುತ್ತಿದ್ದಳು. ಪ್ರೆಸ್ಸಿನಲ್ಲಿ ಇನ್ನೊಬ್ಬರಿಗೆ ನಾನು ಹೇಳುತ್ತಿದ್ದ ಕೆಲಸದಲ್ಲಿ, ಕುರುಡಿಯ ಹಾಗೆ ಅವಳ ಮಾತು ಹಿಡಿದು ನಡೆದೆ. ಎರಡು ಸಲ ಜಗಳವಾಯಿತು. ಒಂದು ಸಲ ಅವಳ ಮಾತು ಮೀರಿ ನಾನು ಸೇರಿಸಿದ ನೀಲಿಯನ್ನು ನಾನು ಅಡುಗೆಮನೆಗೆ ಹೋದಾಗ ಅವಳು ತೆಗೆದುಬಿಟ್ಟಿದ್ದಳು.

ನವರಾತ್ರಿ ಮುಗಿಯುವವರೆಗೆ ಫೋನು ರಿಂಗಾದರೆ ಸೊಸೆಯದೋ ಎಂದು ಮೊದಲು ಹೆಸರು ನೋಡುತ್ತಿದ್ದೆ. ನೇರಳೆಯ ದಿನ ಸಂಜೆ ಸೊಸೆಯದೇ ಫೋನು. "ಒಂದು ರಿಟರ್ನ್ ಬಂದಿದೆ ಆಂಟಿ," ಎಂದಳು. "ನೇರಳೆಯದಾ?" ಎಂದೆ. "ಹಳದಿದು. ಬಾರ್ಡರ್ ಸಣ್ಣ ಆಯ್ತಂತೆ." ಅವಳು ಬೇಕೆಂದೇ ನಿಲ್ಲಿಸಿದ್ದಳು, ಅದು ನನಗೆ ಗೊತ್ತು. ನಾನು ಬೈದೆ. ಅವಳು ನಕ್ಕಳು. ದೀಪಾವಳಿಯ ಗಂಟು ಯಾವಾಗ ಕಳಿಸಲಿ ಎಂದು ಕೇಳಿದಳು.

ಬಲಗಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದು ನೋಡಿದರೆ ಸ್ಟೀಲ್ ಪಾತ್ರೆಗಳಲ್ಲೆಲ್ಲ ನೀಲಿ. ಡಾಕ್ಟರಮ್ಮ ಸರಿ ಅಂದ ಮೇಲೆ ಒಂದು ಮಧ್ಯಾಹ್ನ ಮಾನಿಟರು ಹಚ್ಚಿದೆ. ಎಡಗಣ್ಣು ಮುಚ್ಚಿ ನೋಡಿದರೆ ಒಂದು ಪರದೆ, ಬಲಗಣ್ಣು ಮುಚ್ಚಿದರೆ ಇನ್ನೊಂದು. ಅಲ್ಲಿಗೇ ಬಿಡಬೇಕಿತ್ತು. ನಾನು ಹಳೆಯ ಫೈಲುಗಳನ್ನು ತೆರೆದೆ. ತಪ್ಪಿದ ಸೀರೆ ಮೂರಲ್ಲ. ಹಿಂದಿನ ವರ್ಷದವು, ಅದರ ಹಿಂದಿನ ವರ್ಷದವು, ನೇರಳೆ ಬಂದಲ್ಲೆಲ್ಲ ನನ್ನ ನೀಲಿ ಕೂತಿತ್ತು. ಯಾರೂ ವಾಪಸು ಕಳಿಸಿರಲಿಲ್ಲ. ತರಿಸಿಕೊಂಡು, ಇದಲ್ಲವಲ್ಲ ಎಂದುಕೊಂಡು, ಯಾರು ಹೋಗುತ್ತಾರೆ ಜಗಳಕ್ಕೆ ಎಂದು ಉಟ್ಟುಬಿಟ್ಟಿದ್ದರು.

ಸೊಸೆಗೆ ಹೇಳಿದೆ. "ಅದೆಲ್ಲ ಯಾವಾಗ್ಲೋ ಮಾರಿ ಹೋಗಿದೆ ಆಂಟಿ. ಉಟ್ಟು, ಒಗೆದು, ಬಣ್ಣವೂ ಹೋಗಿರ್ತದೆ. ಬಿಡಿ."

ಬಿಡಲು ಆಗಲಿಲ್ಲ. ಮಗಳು ಕಾಲೇಜಿನಿಂದ ಬಂದಾಗ ನಾನು ಎರಡು ವರ್ಷ ಹಿಂದಿನ ಗಣೇಶ ಚೌತಿಯ ಸೀರೆಯ ಫೋಟೋ ತಿದ್ದುತ್ತಿದ್ದೆ, ಒಂದು ಅಂಗೈ ಎಡಗಣ್ಣಿನ ಮೇಲೆ, ಇನ್ನೊಂದು ಮೌಸಿನ ಮೇಲೆ.

"ಅಮ್ಮ, ಈ ಸೀರೆ ಈಗ ಇಲ್ವಲ್ಲ. ಯಾರು ನೋಡ್ತಾರೆ?"

"ಯಾರೂ ನೋಡುವುದಿಲ್ಲ," ಎಂದೆ. "ನೀಲಿ ಸಾಕಾ ನೋಡು, ಇನ್ನೂ ತೆಗೆಯಬೇಕಾ?"

ಅವಳು ಬ್ಯಾಗು ಇಳಿಸದೆ ಬಾಗಿ ನೋಡಿದಳು. "ಇನ್ನೂ ತೆಗಿ," ಎಂದಳು.