ಎರಡರಷ್ಟು ದೊಡ್ಡ ತೊಟ್ಟಿ

ತಗಡಿನ ನೀರುತೊಟ್ಟಿಗಳ ಈ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಳತೆ ವಿಭಾಗವನ್ನು ಮುನ್ನಡೆಸಿ ಇದೀಗ ನಿವೃತ್ತರಾಗುತ್ತಿರುವ, ಎಲ್ಲರ ಬಾಯಲ್ಲಿ 'ಅಳತೆಯಕ್ಕ' ಎಂದೇ ಹೆಸರಾದ ಹಿರಿಯರ ಕುರಿತು ನಾಲ್ಕು ಮಾತು ಬರೆಯುವ ಭಾಗ್ಯ, ಅವರ ಕೈಕೆಳಗೆ ಪಳಗಿದ ಈ ಲೇಖಕನದು. ಸೋಮವಾರದಿಂದ ಅವರ ಕುರ್ಚಿಯೂ ಇವನದೇ. ಅದನ್ನು ನೆನೆದರೆ ಮಾತ್ರ ಅಳುಕಾಗುತ್ತದೆ.

ಕಾರಣವಿದೆ. ಇವನು ಸೇರಿದ ಎರಡನೆಯ ವರ್ಷ, ಒಂದು ಆಸ್ಪತ್ರೆಯವರು ತಮ್ಮ ಸಾವಿರ ಲೀಟರಿನ ತೊಟ್ಟಿಯ ಎರಡರಷ್ಟು ನೀರು ಹಿಡಿಯುವ ಹೊಸದನ್ನು ಕೇಳಿದರು. ಇವನು ಉದ್ದ, ಅಗಲ, ಎತ್ತರ ಮೂರನ್ನೂ ಒಂದು ಮೀಟರಿನಿಂದ ಎರಡಕ್ಕೆ ಏರಿಸಿ ನಕ್ಷೆ ಬರೆದ. ಅಕ್ಕ ಸಹಿ ಹಾಕಿದರು. ತೊಟ್ಟಿ ತಾರಸಿಯನ್ನೇರಿತು. ಇವನು ನೀರು ಬಿಟ್ಟು ಬೀಗುತ್ತಾ ನಿಂತಿದ್ದಾಗ, ಕೆಳಗಿನಿಂದ ತೊಟ್ಟಿಯ ಗಾತ್ರ ಕಂಡ ಅಕ್ಕ ಏದುಸಿರು ಬಿಡುತ್ತಾ ಮೆಟ್ಟಿಲೇರಿ ಬಂದರು.

"ನಲ್ಲಿ ನಿಲ್ಲಿಸಪ್ಪಾ! ಕೆಳಗೆ ರೋಗಿಗಳು ಮಲಗಿದಾರೆ!"

"ಈಗಷ್ಟೇ ಕಾಲು ಭಾಗ ತುಂಬಿದೆ ಅಕ್ಕಾ."

"ಆ ಕಾಲು ಭಾಗವೇ ಎರಡು ಸಾವಿರ ಲೀಟರ್. ಈ ತಾರಸಿ ಹೊರೋದು ಅಷ್ಟೇ!"

ಪೂರ್ತಿ ತುಂಬಿದ್ದರೆ ಎಂಟು ಸಾವಿರ.

ಮಾಲೀಕರು ಕೆಂಡವಾದಾಗ ಅಕ್ಕ, "ಸಹಿ ನಂದು, ಬೈಯೋದಿದ್ರೆ ನನ್ನ ಬೈಯಿರಿ" ಎಂದು ಇವನನ್ನು ಬೆನ್ನ ಹಿಂದೆ ಸರಿಸಿದರು. ಮರುದಿನ ಒಂದು ಪುಟ್ಟ ಚೌಕ ಡಬ್ಬಿಯನ್ನೂ, ಎಲ್ಲ ಬದಿಯೂ ಅದರ ಎರಡರಷ್ಟಿರುವ ಇನ್ನೊಂದನ್ನೂ ಮುಂದಿಟ್ಟು ನೀರು ಸುರಿಸಿದರು. ದೊಡ್ಡದು ತುಂಬಲು ಪುಟ್ಟದರಲ್ಲಿ ಎಂಟು ಸಲ ಸುರಿಯಬೇಕಾಯಿತು.

"ಎಲ್ಲಾ ಎರಡೇ ತಾನೇ ಅಕ್ಕಾ? ಎಂಟು ಎಲ್ಲಿಂದ ಬಂತು?"

ತಳದಲ್ಲಿ ಪುಟ್ಟ ಡಬ್ಬಿಗಳು ಎರಡೆರಡರ ಎರಡು ಸಾಲು, ಅದರ ಮೇಲೆ ಮತ್ತೆ ಅಷ್ಟೇ ಎಂದು ಅವರು ಬಿಡಿಸಿ ಹೇಳಿದಾಗ ಇವನಿಗೆ ತಿಳಿಯಿತು. ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ತಲೆ ಕೆಟ್ಟಿತು. ಎರಡರಷ್ಟು ನೀರಿಗೆ ಒಂದೊಂದು ಬದಿಯನ್ನೂ ಅದರ ಕಾಲು ಭಾಗಕ್ಕಿಂತ ಚೂರೇ ಹೆಚ್ಚು ಬೆಳೆಸಿದರೆ ಸಾಕು ಎಂದು ಅಕ್ಕ ಹೇಳಿದಾಗಲಂತೂ ಕಣ್ಣು ಕಣ್ಣು ಬಿಟ್ಟ. ಹನ್ನೊಂದು ವರ್ಷ ಇವನು ಅದನ್ನೇ ಕೇಳಿದ. ಅವರು ಒಮ್ಮೆಯೂ ಮುಖ ಸಿಂಡರಿಸದೆ ಡಬ್ಬಿಗಳನ್ನು ತೆಗೆದರು.

ಕಳೆದ ವಾರ ಇವನು ಬಾಯಿಬಿಟ್ಟು ಹೇಳಿಯೇಬಿಟ್ಟ: "ಆ ಕುರ್ಚಿ ನನಗೆ ಬೇಡ ಅಕ್ಕಾ. ನಕ್ಷೆ ನೋಡಿದ್ರೆ ಈಗಲೂ ಗೊಂದಲ ಆಗುತ್ತೆ."

ಅಕ್ಕ ಕನ್ನಡಕ ತೆಗೆದಿಟ್ಟರು. "ನನಗೂ ದಿನಾ ಆಗುತ್ತೆ. ಅದಕ್ಕೇ ಪ್ರತಿ ಸಲ ಲೆಕ್ಕ ಹಾಕ್ತೀನಿ. ಆ ಆಸ್ಪತ್ರೆ ನಕ್ಷೆ ನೋಡಿದಾಗ ಮಾತ್ರ ಎಲ್ಲಾ ಸರಿಯಾಗೇ ಕಾಣ್ತು. ಲೆಕ್ಕ ಹಾಕದೇ ಸಹಿ ಮಾಡ್ಬಿಟ್ಟೆ."

ಅವರ ಆಯಸ್ಸು ಎರಡರಷ್ಟಾಗಲಿ ಎಂದು ಹಾರೈಸಲು ಹೊರಟರೆ, ಎರಡರಷ್ಟು ಎಂದರೆ ಎಷ್ಟು ಎಂಬ ಅನುಮಾನ ಮತ್ತೆ ಕಾಡುತ್ತದೆ. ಆದ್ದರಿಂದ ಅಕ್ಕ ಬಹುಕಾಲ ಸುಖವಾಗಿರಲಿ, ಆಗಾಗ ಬಂದು ಹೊಸಬರಿಗೂ ನೀರು ಸುರಿದು ತೋರಿಸಲಿ. ಇವನು ಸೋಮವಾರ ಆ ಎರಡು ಡಬ್ಬಿಗಳನ್ನು ಮೇಜಿನ ಮೇಲಿಟ್ಟುಕೊಂಡು, ಗೊಂದಲದಲ್ಲೇ ಕುರ್ಚಿಯಲ್ಲಿ ಕೂರುತ್ತಾನೆ.